ಎಡಗಡೆಗೆ ಒಂದೂ ಚೆಂಡಿಲ್ಲ

ಗೋಲ್‌ಕೀಪರ್ ಗ್ಲೌಸಿನ ವಾಸನೆ ಗೊತ್ತಿಲ್ಲದವರು ಪುಣ್ಯವಂತರು. ಒದ್ದೆ ನಾಯಿ, ಹುಳಿ ಹೆಚ್ಚಾದ ದೋಸೆಹಿಟ್ಟು, ಹಳೇ ರಬ್ಬರು ಮೂರನ್ನೂ ಒಂದೇ ಡಬ್ಬಿಗೆ ತುಂಬಿ ಬಿಸಿಲಿಗಿಟ್ಟರೆ ಹೇಗಿರುತ್ತೋ ಹಾಗೆ. ಕಳೆದ ತಿಂಗಳು ಅಟ್ಲಾಂಟಾದಿಂದ ಕ್ಲಾರ್ಕ್ಸ್‌ಬರ್ಗಿನ ನಮ್ಮ ಮನೆಗೆ ಒಬ್ಬಳೇ ಡ್ರೈವ್ ಮಾಡಿಕೊಂಡು ಬರುತ್ತಿದ್ದೆ. ಕ್ಯಾರೊಲಿನಾದಲ್ಲಿ ಗ್ಯಾಸ್ ಹಾಕಲು ನಿಲ್ಲಿಸಿ, ನೀರಿನ ಬಾಟಲಿ ತೆಗೆಯೋಣವೆಂದು ಟ್ರಂಕ್ ತೆರೆದರೆ ಆ ವಾಸನೆ ಮುಖಕ್ಕೆ ಹೊಡೆಯಿತು. ಫುಟ್‌ಬಾಲ್ ಆಡುವ ಮಗಳು ಇಂಚರಳ ಗ್ಲೌಸು. ಒಂದು ವರ್ಷದಿಂದ ಅಲ್ಲೇ ಬಿದ್ದಿದೆ. ಅವಳು ಕೇಳಿಲ್ಲ, ನಾನು ಕೊಟ್ಟಿಲ್ಲ, ತೊಳೆದೂ ಇಲ್ಲ.

ತಲೆಯೆತ್ತಿ ನೋಡಿದರೆ ಎಕ್ಸಿಟ್ ಬೋರ್ಡಿನ ಮೇಲೆ ಆ ಊರಿನ ಹೆಸರು. ಅದನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದು ಆ ಊರಿಗೊಂದು ಮರ್ಯಾದೆ ಕೊಡುವ ಮನಸ್ಸಿಲ್ಲ. ಆದರೂ ಕಾರನ್ನು ಹೆದ್ದಾರಿಗೆ ತಿರುಗಿಸುವ ಬದಲು ಊರೊಳಕ್ಕೆ ತಿರುಗಿಸಿದೆ.

ನಾನು ಮೈಸೂರಿನವಳು, ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರು ಬರೆದ ಕೋಡಿನಲ್ಲಿ ತಪ್ಪು ಹುಡುಕುವುದೇ ನನ್ನ ಅನ್ನ. ತಪ್ಪು ಕಂಡರೆ ನನಗೆ ಹಬ್ಬ, ಕಂಡ ತಪ್ಪನ್ನು ಮರೆಯುವುದು ಮಾತ್ರ ನನ್ನ ಜಾಯಮಾನದಲ್ಲಿಲ್ಲ. "ನಿನಗೆ ಒಂದ್ಸಲ ಅನ್ಯಾಯ ಮಾಡಿದೋರು ಸತ್ತು ಸ್ವರ್ಗಕ್ಕೆ ಹೋದ್ರೂ ಟಿಕೆಟ್ ಕ್ಲೋಸ್ ಆಗಲ್ಲ ಕಣೆ" ಅನ್ನುತ್ತಾನೆ ನನ್ನ ಗಂಡ ಶ್ರೀಧರ. ಟಿಕೆಟ್ ಅಂದರೆ ನಮ್ಮ ಕೆಲಸದಲ್ಲಿ ಕಂಡ ತಪ್ಪಿನ ಮೇಲೆ ಬರೆಯುವ ದೂರು. ನಗಾಡಿಕೊಂಡೇ ಅನ್ನುತ್ತಾನೆ, ಆದರೆ ಹುಷಾರಾಗಿ ಅನ್ನುತ್ತಾನೆ.

ಲಾಕ್‌ಡೌನಿನ ವರ್ಷ ಇಂಚರ ಕಾಲೇಜು ಮುಚ್ಚಿದ್ದರಿಂದ ಮನೆಗೆ ಬಂದಿದ್ದಳು. ಮೈದಾನಗಳಿಗೆಲ್ಲ ಬೀಗ. ನಮ್ಮ ಬಡಾವಣೆಯ ಟೆನಿಸ್ ಕೋರ್ಟಿನ ಪಕ್ಕದ ಹುಲ್ಲಿನಲ್ಲಿ ಎರಡು ಕಸದ ಡಬ್ಬಿ ಇಟ್ಟುಕೊಂಡು ಅದನ್ನೇ ಗೋಲು ಮಾಡಿಕೊಂಡೆವು. ನನಗೆ ಒದೆಯಲು ಬರುತ್ತಿರಲಿಲ್ಲ, ಕೈಯಲ್ಲಿ ಎಸೆಯುತ್ತಿದ್ದೆ. ಸಂಜೆ ಮೀಟಿಂಗ್ ಮುಗಿಸಿ, ಸೀರೆ ಉಟ್ಟಿದ್ದರೂ ಸರಿ, ಪ್ಯಾಂಟಾದರೂ ಸರಿ, ಹೋಗಿ ಎಸೆಯುವುದು. ಅವಳು ಬಿಟ್ಟ ಒಂದೊಂದು ಚೆಂಡನ್ನೂ ಲ್ಯಾಪ್‌ಟಾಪಿನ ಶೀಟಿನಲ್ಲಿ ಬರೆದೆ. ಯಾವ ಕಡೆ, ಎಷ್ಟು ಎತ್ತರ, ಮೊದಲು ಯಾವ ಕಾಲು ಎತ್ತಿದಳು. ಬಲಗಡೆ ಮೇಲಿನ ಚೆಂಡಿಗೆ ಅವಳು ಅರ್ಧ ಹೆಜ್ಜೆ ಹಿಂದೆ ಹಾಕುತ್ತಾಳೆಂದು ಅವಳ ಕಾಲೇಜಿನ ಕೋಚಿಗಿಂತ ಮೊದಲು ಕಂಡುಹಿಡಿದವಳು ನಾನು. ತಿದ್ದಿಸಿದವಳೂ ನಾನೇ. ಆಟ ಮುಗಿದ ಮೇಲೆ ಅವಳ ಗ್ಲೌಸನ್ನು ಉಗುರುಬೆಚ್ಚಗಿನ ನೀರಿನಲ್ಲಿ ಮಗುವಿನ ಶಾಂಪೂ ಹಾಕಿ, ಹಿಂಡದೆ, ಅಂಗೈಯಲ್ಲಿ ಒತ್ತಿ ತೊಳೆದು ನೆರಳಿನಲ್ಲಿ ಒಣಗಿಸುತ್ತಿದ್ದೆ. ಅವಳು ಹೊಟ್ಟೆಯಲ್ಲಿದ್ದಾಗ ಬಿಟ್ಟರೆ ನಾವಿಬ್ಬರೂ ಅಷ್ಟು ಹತ್ತಿರವಿದ್ದದ್ದು ಆ ಬೇಸಿಗೆಯಲ್ಲೇ.

ಕಾಲೇಜು ಮುಗಿದ ಮೇಲೆ ಅವಳಿಗೆ ಸಿಕ್ಕ ಮೊದಲ ವೃತ್ತಿಪರ ಕರಾರು ಈ ಊರಿನ ಕ್ಲಬ್ಬಿನದು. ಸಣ್ಣ ಕ್ಲಬ್ಬು, ಒಂದು ವರ್ಷದ ಕರಾರು. ನನ್ನದು ಹೇಗೂ ರಿಮೋಟ್ ಕೆಲಸ. ಶ್ರೀಧರನಿಗೆ ಸಾರಿನಪುಡಿ ಮಾಡಿಟ್ಟು, ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟ್ ಹಿಡಿದು ಮಾರ್ಚಿನಲ್ಲಿ ಅವಳ ಜೊತೆ ಬಂದುಬಿಟ್ಟೆ. ಪೈನ್ ಮರಗಳ ಹೂಪುಡಿ ಊರಿಗೆಲ್ಲ ಅರಿಶಿನ ಬಳಿದಂತೆ ಕೂತಿತ್ತು. ಕಾರು, ಬೆಂಚು, ಗೋಲಿನ ಬಲೆ ಎಲ್ಲ ಹಳದಿ. "ಶುಭಶಕುನ ಕಣೇ" ಅಂದೆ. ಇಂಚರ ನಾಲ್ಕು ಸಲ ಸೀನಿದಳು.

ಕ್ಲಬ್ಬಿನಲ್ಲಿ ಇಬ್ಬರೇ ಗೋಲ್‌ಕೀಪರುಗಳು. ಮೊದಲನೆಯವಳು ಮೆಗನ್. ಮೂವತ್ತು ದಾಟಿದ, ಕೆಂಪು ಜಡೆಯ, ಬಾಗಿಲ ಚೌಕಟ್ಟಿನಂಥ ಹೆಣ್ಣು. ಎರಡನೆಯವಳು ನನ್ನ ಮಗಳು. ಬೇರೆ ಆಟಗಾರರಿಗೆ ಹತ್ತು ನಿಮಿಷವಾದರೂ ಮೈದಾನಕ್ಕೆ ಇಳಿಯುವ ಯೋಗವಿರುತ್ತದೆ. ಗೋಲಿಗೆ ಒಬ್ಬಳೇ. ಮೊದಲನೆಯವಳು ಬಿದ್ದು ಏಳದಿದ್ದರೆ ಮಾತ್ರ ಎರಡನೆಯವಳ ಪಾಳಿ. ಆ ದಿನಗಳಲ್ಲಿ ದೇವರ ಮುಂದೆ ನಿಂತು ನಾನು ಏನು ಬೇಡಿಕೊಳ್ಳುತ್ತಿದ್ದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಕೋಚ್ ಟಾಡ್ ನಗುನಗುತ್ತಲೇ ಇಲ್ಲ ಅನ್ನುವ ಪೈಕಿ. ಗೋಲ್‌ಕೀಪರುಗಳಿಗೆ ಬೇರೆ ಕೋಚನ್ನು ಇಡುವಷ್ಟು ದೊಡ್ಡ ಕ್ಲಬ್ಬಲ್ಲ ಅದು. ಹಾಗಾಗಿ ಪ್ರತಿ ಮ್ಯಾಚಿಗೆ ಮುಂಚೆ ಮೆಗನ್‌ಳ ಮೈ ಬಿಸಿ ಮಾಡಿಸುವ ಕೆಲಸ ಇಂಚರಳದು. ನಲವತ್ತು ನಿಮಿಷ ಅವಳಿಗೆ ಚೆಂಡು ಎಸೆದು, ಒದ್ದು, ಆಮೇಲೆ ಬೆಂಚಿನ ಮೇಲೆ ಜಾಕೆಟ್ ಹೊದ್ದು ಕೂರುವುದು. ಊಟಕ್ಕಿಲ್ಲದ ಉಪ್ಪಿನಕಾಯಿ. ಬೇಲಿಯ ಹತ್ತಿರ ನಿಂತು ನಾನು ಅದನ್ನು ನೋಡುತ್ತಿದ್ದೆ. ಮೇ ತಿಂಗಳಲ್ಲಿ ಹದಿಮೂರು ವರ್ಷ ನೆಲದೊಳಗಿದ್ದ ಜೀರುಂಡೆಗಳು ಮೇಲೆದ್ದು ಬಂದು ಊರು ಕಿವುಡಾಗುವಂತೆ ಕೂಗಿದವು. ಎಲ್ಲರೂ ಥೂ ಛೀ ಅಂದರು. ನನಗೆ ಮಾತ್ರ ಅವುಗಳ ಮೇಲೆ ಗೌರವ ಬಂತು.

ಜೂನಿನ ಒಂದು ಸಂಜೆ ಬೇಲಿಯ ಹತ್ತಿರ ನಿಂತಿದ್ದಾಗ ಕೈಬೆರಳು ತಾನಾಗಿ ಎಣಿಸತೊಡಗಿತು. ಮೆಗನ್‌ಳ ಬಲಕ್ಕೆ ಒಂದು, ಎದೆಗೆ ಒಂದು, ಬಲಕ್ಕೆ, ತಲೆಯ ಮೇಲೆ, ಮತ್ತೆ ಬಲಕ್ಕೆ. ಎಡಗಡೆ ಕೆಳಕ್ಕೆ ಒಂದೂ ಇಲ್ಲ. ಮುಂದಿನ ಮ್ಯಾಚಿನಲ್ಲೂ ಇಲ್ಲ. ಅದರ ಮುಂದಿನದರಲ್ಲೂ ಇಲ್ಲ. ಒಂದು ಸಲ ಕಂಡದ್ದು ಅನುಮಾನ, ಹತ್ತು ಸಲ ಕಂಡದ್ದು ಬಗ್. ಮನೆಯಲ್ಲಿ ಸಿಂಕಿನ ಮುಂದೆ ನಿಂತು ಗ್ಲೌಸ್ ತೊಳೆಯುತ್ತಾ ಕೇಳಿದೆ.

"ಇಂಚು, ಆ ಮೆಗನ್ ಎಡಕ್ಕೆ ಯಾಕೆ ಎಸೆಯಲ್ಲ ನೀನು?"

"ಎಸೀತೀನಲ್ಲ." ಅವಳು ಫೋನಿನಿಂದ ತಲೆ ಎತ್ತಲಿಲ್ಲ.

"ಇಲ್ಲ. ನಾನು ಎಣಿಸಿದೀನಿ."

"ಅಮ್ಮಾ, ಡೋಂಟ್ ಕೌಂಟ್. ಪ್ಲೀಸ್."

ಅಷ್ಟು ಸಾಕಾಯಿತು. ಎಡ ಭುಜ. ಮೆಗನ್‌ಳ ಎಡ ಭುಜ ಹೋಗಿದೆ, ಆ ಕಡೆ ಹಾರಿ ಬಿದ್ದರೆ ನೋವು, ಅದನ್ನು ಮುಚ್ಚಿಟ್ಟು ಆಡುತ್ತಿದ್ದಾಳೆ. ಕೋಚಿಗೆ ಕಾಣದ ಹಾಗೆ ಮರೆ ಹಿಡಿದಿರುವವಳು ನನ್ನ ಮಗಳು! ಮೈಯೆಲ್ಲ ಉರಿದುಹೋಯಿತು.

"ಟಾಡ್‌ಗೆ ಹೇಳು. ಒಂದೇ ಮಾತು. ನಾಳೆಯಿಂದ ಗೋಲಲ್ಲಿ ನೀನೇ."

"ಅವಳು ನಂಗೆ ಅಳ್ತಾ ಹೇಳಿದ್ದು ಅಮ್ಮಾ. ಲಾಕರ್ ರೂಮಲ್ಲಿ. ನಾನು ಪ್ರಾಮಿಸ್ ಮಾಡಿದ್ದೀನಿ. ಗೋಲಿಗೆ ಗೋಲಿ ಹಾಗೆ ಮಾಡಲ್ಲ." ಅವರ ಭಾಷೆಯಲ್ಲಿ ಗೋಲ್‌ಕೀಪರ್ ಅಂದರೆ ಗೋಲಿ. ಆಮೇಲೆ ನನ್ನ ಒದ್ದೆ ಕೈ ಹಿಡಿದುಕೊಂಡಳು. "ನೀನೂ ಹೇಳಬಾರದು. ಯಾರಿಗೂ. ಓಕೆ?"

"ಆಯ್ತು" ಅಂದೆ. ಮಾತು ಕೊಟ್ಟಾಗ ಉಳಿಸಿಕೊಳ್ಳುವ ಮನಸ್ಸೇ ಇತ್ತು, ಸುಳ್ಳು ಹೇಳಲಾರೆ. ಆದರೆ ಶೀಟಿನಲ್ಲಿ ಬರೆದಿಟ್ಟೆ. ಗೋಲಿನಲ್ಲಿ ಮೆಗನ್ ಯಾವಾಗಲೂ ಅರ್ಧ ಹೆಜ್ಜೆ ಎಡಕ್ಕೆ ನಿಲ್ಲುತ್ತಾಳೆ, ಹಾರುವ ಅಗತ್ಯವೇ ಬೀಳದಂತೆ. ಅವಳು ಹಾಗೆ ನಿಲ್ಲುವ ಮೊದಲೇ, ಹತ್ತಿರದಿಂದ, ನೆಲಕ್ಕೆ ಒರೆಸಿಕೊಂಡು ಎಡಕ್ಕೆ ಹೊಡೆದರೆ ಗೋಲು. ಇದು ಹೇಗೆ, ಯಾವಾಗ, ಯಾವ ಕೋನದಿಂದ ಎಂದು ಒಂದು ಪುಟ.

ಆಗಸ್ಟಿನಲ್ಲಿ ಟಾಡ್ ಇಂಚರಳನ್ನು ಕರೆದು, ಊರಲ್ಲಿ ನಡೆಯುವ ಕೊನೇ ಮ್ಯಾಚು ನಿನ್ನದು ಎಂದ. ಅವಳು ಕುಣಿದಾಡಿಕೊಂಡು ಬಂದು ಹೇಳಿದಳು. ನಾನು ಬಾಯಿಗೆ ಬೀಗ ಹಾಕಿಕೊಳ್ಳಬೇಕಿತ್ತು. ಹಾಕಿಕೊಳ್ಳಲಿಲ್ಲ. ನಮ್ಮ ಮನೆಯ ಕಡೆಯ ಹರ್ನ್‌ಡನ್ನಿನಿಂದ ನಾಲ್ಕು ಕುಟುಂಬ ವ್ಯಾನ್ ಮಾಡಿಕೊಂಡು ಬಂದವು. ನನ್ನ ಹಳೇ ಗೆಳತಿ ಸುಮಾ ಇಪ್ಪತ್ತು ಜನಕ್ಕಾಗುವಷ್ಟು ಪುಳಿಯೋಗರೆ ಕಲಸಿಕೊಂಡು, "ನಮ್ಮ ಇಂಚರ" ಎಂದು ಕನ್ನಡದಲ್ಲಿ ಬರೆಸಿದ ಬ್ಯಾನರ್ ಹಿಡಿದುಕೊಂಡು ಬಂದಳು. ಶ್ರೀಧರ ರಜ ಹಾಕಿ ಬಂದ. ನಾನು ಹೊಸ ಸೀರೆ ಉಟ್ಟೆ.

ವಾರ್ಮ್‌ಅಪ್ ಶುರುವಾಯಿತು. ಚೆಂಡು ಎಸೆಯುತ್ತಿರುವವಳು ಇಂಚರ, ಹಿಡಿಯುತ್ತಿರುವವಳು ಮೆಗನ್. ನನಗೆ ಅಲ್ಲೇ ಗೊತ್ತಾಯಿತು. ಉಳಿದವರಿಗೆ ಗೊತ್ತಾಗಲಿಲ್ಲ, ಬ್ಯಾನರ್ ಬಿಚ್ಚಿ ಕೂಗುತ್ತಿದ್ದರು. ಇಂಚರ ನಮ್ಮ ಕಡೆ ತಿರುಗಲಿಲ್ಲ. ಅಷ್ಟರಲ್ಲಿ ಗುಡುಗಿತು. ಇಲ್ಲಿ ಗುಡುಗು ಕೇಳಿಸಿದರೆ ಎಲ್ಲರೂ ಮೈದಾನ ಬಿಟ್ಟು ಅರ್ಧ ಗಂಟೆ ಕಾರಿನಲ್ಲಿ ಕೂರಬೇಕು. ಕೂತೆವು. ಮಳೆ ಗಾಜಿಗೆ ರಪರಪ ಬಡಿಯುತ್ತಿತ್ತು. ಸುಮಾ ಫೋನಿನಲ್ಲಿ ಆಟಗಾರರ ಪಟ್ಟಿ ನೋಡಿದಳು. ನನ್ನ ಮುಖ ನೋಡಿದಳು. ಮಡಿಲಲ್ಲಿದ್ದ ಪುಳಿಯೋಗರೆ ಡಬ್ಬದ ಮುಚ್ಚಳ ಒತ್ತಿ ಮುಚ್ಚಿದಳು.

"ಹೋಗ್ಲಿ ಬಿಡೆ. ಟೀಮ್ ಅಂದ್ಮೇಲೆ ಚೆಂಡು ಎತ್ತಿ ಕೊಡೋರೂ ಬೇಕಲ್ವಾ?"

ಸಮಾಧಾನಕ್ಕೇ ಅಂದಿರಬೇಕು. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ಮ್ಯಾಚಿನ ನಂತರ ಎಲ್ಲರ ಕಣ್ಣೆದುರಿಗೆ ನನ್ನ ಮಗಳು ಒದ್ದೆ ಹುಲ್ಲಿನಲ್ಲಿ ಬಗ್ಗಿ ಬಗ್ಗಿ ಚೆಂಡುಗಳನ್ನು ಚೀಲಕ್ಕೆ ತುಂಬಿದಳು. ಮೆಗನ್ ತಾನೇ ಹೋಗಿ, ನಾನು ಚೆನ್ನಾಗಿದ್ದೇನೆ, ನಾನೇ ಆಡುತ್ತೇನೆ ಎಂದು ಟಾಡ್‌ನ ಹತ್ತಿರ ಹೇಳಿದ್ದಳಂತೆ. ಎರಡು ವಾರಕ್ಕೆ ಟಾಡ್ ವಿಡಿಯೋ ಕಾಲ್ ಮಾಡಿ ನಗುತ್ತಾ ಇಂಚರಳ ಕರಾರು ಮುಂದುವರಿಸುವುದಿಲ್ಲ ಎಂದ. ಮಾತು ಮುಗಿಯುವಷ್ಟರಲ್ಲಿ ನನ್ನ ಒಲೆಯ ಮೇಲಿನ ಹಾಲು ಕೂಡ ಉಕ್ಕಿರಲಿಲ್ಲ. ಇಡೀ ವರ್ಷ ಒಂದು ನಿಮಿಷವೂ ಆಡದೆ ನನ್ನ ಮಗಳು ಆ ಊರು ಬಿಟ್ಟಳು. ಅಪಾರ್ಟ್‌ಮೆಂಟಿನ ಬೀಗದಕೈ ಕೊಟ್ಟು ಬರುವಾಗ ನಾನು ಆ ಮೈದಾನದ ಕಡೆ ತಿರುಗಿ ಶಾಪ ಹಾಕಿದೆ. ಬಾಯಿಬಿಟ್ಟೇ ಹಾಕಿದೆ. ಮೆಗನ್‌ಗೆ, ಟಾಡ್‌ಗೆ, ಆ ಗೋಲಿನ ಕಂಬಕ್ಕೆ, ಬಲೆಗೆ.

ಅಟ್ಲಾಂಟಾದ ಒಂದು ಕ್ಲಬ್ಬಿನ ಗೋಲ್‌ಕೀಪರ್ ಮಂಡಿ ಮುರಿದುಕೊಂಡದ್ದರಿಂದ ಇಂಚರಳಿಗೆ ಅಲ್ಲಿ ಜಾಗವಾಯಿತು. ಆ ಹುಡುಗಿಯ ಮಂಡಿಗೂ ನನ್ನ ಶಾಪಕ್ಕೂ ಸಂಬಂಧವಿಲ್ಲ. ಇಂಚರ ಮೊದಲ ಮ್ಯಾಚಿನಿಂದಲೇ ಗೋಲಿನಲ್ಲಿ ನಿಂತಳು, ಚೆನ್ನಾಗಿ ನಿಂತಳು. ಅಟ್ಲಾಂಟಾ ಪಕ್ಕದ ಅಲ್ಫರೆಟಾದಲ್ಲಿ ತನ್ನ ಟೀಮಿನ ಬ್ರಿಯಾನಾ ಎಂಬ ಹುಡುಗಿಯ ಜೊತೆ ಮನೆ ಮಾಡಿದ್ದಳು. ಬ್ರಿಯಾನಾ ಗೋಲು ಹೊಡೆಯುವವಳು. ಅವಳಿಗೆ ನನ್ನ ಚಿತ್ರಾನ್ನ ಅಂದರೆ ಪ್ರಾಣ.

ಹಳೇ ಕ್ಲಬ್ಬಿನ ಮೇಲೆ, ಅದೇ ಮೈದಾನದಲ್ಲಿ ಮ್ಯಾಚು ಎಂದು ಗೊತ್ತಾದ ವಾರ ನಾನು ಅಲ್ಫರೆಟಾಗೆ ಹೋದೆ. ಮಧ್ಯಾಹ್ನ ಇಂಚರ ಫಿಸಿಯೋ ಹತ್ತಿರ ಹೋಗಿದ್ದಳು. ಬ್ರಿಯಾನಾಗೆ ತಟ್ಟೆ ತುಂಬ ಚಿತ್ರಾನ್ನ ಬಡಿಸಿ, ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಟೆ. ಆ ಪುಟ ತೆರೆದೆ. ಅವಳು ಓದಿದಳು. ಚಮಚ ಕೆಳಗಿಟ್ಟಳು. ಇದು ಹೇಗೆ ಗೊತ್ತು ಆಂಟಿ ಎಂದಳು. "ಗೊತ್ತು" ಅಂದೆ. ಆಂಟಿ ಅನ್ನುವುದನ್ನು ಅವಳಿಗೆ ನಾನೇ ಕಲಿಸಿದ್ದು.

ಕೊಟ್ಟ ಮಾತು ನೆನಪಿರಲಿಲ್ಲವೇ ಎಂದು ಕೇಳಬಹುದು. ಇತ್ತು. ಇಂಚರ ಕೇಳಿದ್ದು ಆ ಸೀಸನ್ನಿಗೆ ತಾನೆ, ಈಗ ಬೇರೆ ಕ್ಲಬ್ಬು, ಬೇರೆ ವರ್ಷ ಎಂದು ನನಗೆ ನಾನೇ ವಕಾಲತ್ತು ಮಾಡಿಕೊಂಡೆ. ಜೀರುಂಡೆಗೆ ಹದಿಮೂರು ವರ್ಷ ಬೇಕು. ನನಗೆ ಹತ್ತು ತಿಂಗಳು ಸಾಕಾಯಿತು.

ಮ್ಯಾಚಿನ ದಿನ ಅದೇ ಸೀಟಿನಲ್ಲಿ, ಅದೇ ಸೀರೆ ಉಟ್ಟುಕೊಂಡು ಕೂತೆ. ಎರಡನೇ ಅರ್ಧದಲ್ಲಿ ಬ್ರಿಯಾನಾಗೆ ಚೆಂಡು ಸಿಕ್ಕಿತು. ಮೆಗನ್ ಇನ್ನೂ ಬಲಗಡೆಯಿಂದ ವಾಪಸು ಬರುತ್ತಿದ್ದಳು. ನಾನು ಸೀಟಿನಿಂದ ಎದ್ದುಬಿಟ್ಟಿದ್ದೆ, ಹೊಡೆಯುವ ಮೊದಲೇ. ನೆಲಕ್ಕೆ ಒರೆಸಿಕೊಂಡು, ಎಡಕ್ಕೆ. ಮೆಗನ್ ಹಾರಿದಳು. ಹಾರುವುದಿಲ್ಲ ಎಂದು ನಾನು ಬರೆದಿದ್ದೆ, ಆದರೂ ಹಾರಿದಳು. ಕೈ ಸಾಲದೆ, ಎಡ ಭುಜದ ಮೇಲೆ ಬಿದ್ದಳು. ಚೆಂಡು ಬಲೆಯಲ್ಲಿತ್ತು. ಅವಳು ಕೂಗಿದ್ದು ನನ್ನ ಸಾಲಿನವರೆಗೂ ಕೇಳಿಸಿತು.

ನನಗೆ ಖುಷಿಯಾಯಿತು. ಇದನ್ನು ಬರೆಯದೆ ಬಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ. ಹೊಟ್ಟೆ ತಣ್ಣಗಾಯಿತು. ಟಾಡ್ ಟೋಪಿ ತೆಗೆದು ನೆಲಕ್ಕೆ ಹೊಡೆದದ್ದನ್ನು ಕಣ್ತುಂಬ ನೋಡಿದೆ, ಬ್ಯಾನರ್ ಹಿಡಿದು ಬಂದವರೆಲ್ಲ ಇವತ್ತೂ ಇರಬೇಕಿತ್ತು ಅಂದುಕೊಂಡೆ. ಅದೊಂದೇ ಗೋಲು. ನಾವು ಗೆದ್ದೆವು.

ಗೋಲ್‌ಕೀಪರುಗಳದೊಂದು ಪದ್ಧತಿಯಿದೆ. ಸೀಟಿ ಊದಿದ ಮೇಲೆ, ತಮ್ಮ ಟೀಮಿನವರನ್ನು ತಬ್ಬುವುದಕ್ಕಿಂತ ಮೊದಲು, ಆ ತುದಿಯವಳೂ ಈ ತುದಿಯವಳೂ ಇಡೀ ಮೈದಾನ ದಾಟಿ ಬಂದು ಒಬ್ಬರಿಗೊಬ್ಬರು ಕೈ ಕೊಡುತ್ತಾರೆ. ಸೋತ ಗೋಲಿಯ ನೋವು ಗೊತ್ತಿರುವುದು ಇನ್ನೊಬ್ಬ ಗೋಲಿಗೇ ಎಂದು. ಇಂಚರ ಓಡಿಕೊಂಡು ಹೋದಳು. ಗ್ಲೌಸ್ ಬಿಚ್ಚಿ ಕೈ ಚಾಚಿದಳು. ಮೆಗನ್ ಎಡಗೈಯನ್ನು ಎದೆಗೆ ಒತ್ತಿ ಹಿಡಿದುಕೊಂಡು ಅವಳನ್ನು ನೋಡಿದಳು. ಆಮೇಲೆ ಆ ಕೈಯನ್ನು ದಾಟಿಕೊಂಡು ಹೊರಟುಹೋದಳು. ಇಂಚರಳ ಕೈ ಗಾಳಿಯಲ್ಲಿ ಹಾಗೇ ಉಳಿಯಿತು. ಆ ಭುಜದ ವಿಷಯ ಲೋಕದಲ್ಲಿ ಇಬ್ಬರಿಗೇ ಗೊತ್ತಿದ್ದದ್ದು, ಮೆಗನ್ ಲೆಕ್ಕದಲ್ಲಿ.

ಇಂಚರ ಬೇಲಿಯ ಹತ್ತಿರ ಬಂದಳು.

"ಬ್ರಿಯಾನಾಗೆ ಹೇಳಿದ್ದು ನೀನಾ?"

"ನಿನ್ನ ಜಾಗ ತಿಂದವಳು ಅವಳು. ಎಲ್ಲರ ಮುಂದೆ..."

"ಜಾಗ ಅವಳದೇ ಅಮ್ಮಾ. ಒಂದು ಭುಜದಲ್ಲಿ ಆಡ್ತಾ ಕೂಡ ಶಿ ವಾಸ್ ಬೆಟರ್ ದ್ಯಾನ್ ಮಿ." ಅವಳು ಅಳಲಿಲ್ಲ. "ನೀನು ಆಯ್ತು ಅಂದಿದ್ದೆ."

ಪಾರ್ಕಿಂಗಿನಲ್ಲಿ ನಾನು ಕಾರಿನ ಟ್ರಂಕ್ ತೆರೆದಾಗ ಕೈಯಲ್ಲಿದ್ದ ಗ್ಲೌಸನ್ನು ಅದಕ್ಕೆ ಎಸೆದು ತನ್ನ ಟೀಮಿನ ಬಸ್ಸು ಹತ್ತಿದಳು. ಅದಾದ ಮೇಲೆ ನನಗೆ ಗ್ಲೌಸ್ ತೊಳೆಯಲು ಕೊಟ್ಟಿಲ್ಲ. ಫೋನ್ ಮಾಡಿದರೆ ಎತ್ತುತ್ತಾಳೆ, "ಊಟ ಆಯ್ತು", "ಚೆನ್ನಾಗಿದೀನಿ", "ಬ್ಯುಸಿ". ಆದರೂ ನಾನು ಪ್ರತಿ ತಿಂಗಳು ಅಟ್ಲಾಂಟಾಗೆ ಹೋಗುತ್ತೇನೆ, ವಾರ್ಮ್‌ಅಪ್ ನೋಡಲು ಮುಂಚೆಯೇ ಹೋಗಿ ಬೇಲಿಯ ಹತ್ತಿರ ನಿಲ್ಲುತ್ತೇನೆ. ಅವಳು ನನ್ನನ್ನು ನೋಡುತ್ತಾಳೆ. ಚೆಂಡಿನ ಚೀಲ ಹೆಗಲಿಗೇರಿಸಿ, ಎರಡನೇ ಗೋಲ್‌ಕೀಪರನ್ನು ಕರೆದುಕೊಂಡು, ಆಚೆ ತುದಿಯ ಗೋಲಿಗೆ ಹೋಗುತ್ತಾಳೆ. ಎಣಿಸಲು ಆಗದಷ್ಟು ದೂರಕ್ಕೆ. ಹಗೆ ಸಾಧಿಸುವುದನ್ನು ಮಗಳು ಹೊರಗೆಲ್ಲೂ ಹೋಗಿ ಕಲಿಯಬೇಕಾಗಿರಲಿಲ್ಲ.

ಕಳೆದ ತಿಂಗಳು ಹೀಗೆ ಅಲ್ಲಿಂದ ಬರುತ್ತಿರುವಾಗಲೇ ಗ್ಲೌಸಿನ ವಾಸನೆ ನನ್ನನ್ನು ಆ ಊರಿಗೆ ತಿರುಗಿಸಿದ್ದು. ಶನಿವಾರ ಬೆಳಿಗ್ಗೆ, ಮೈದಾನದಲ್ಲಿ ಏಳೆಂಟು ಪುಟ್ಟ ಹುಡುಗಿಯರು. ಅವರಿಗೆ ಬೀಳುವುದನ್ನು ಕಲಿಸುತ್ತಿದ್ದವಳು ಮೆಗನ್. ಜಡೆ ಕತ್ತರಿಸಿದ್ದಳು. ಎಡಗೈ ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಅವಳನ್ನು ಕಂಡ ಕೂಡಲೇ ಹಳೇ ಉರಿಯೇ ಮೊದಲು ಎದ್ದದ್ದು. ಅವಳು ನನ್ನನ್ನು ಗುರುತು ಹಿಡಿದು ಬೇಲಿಯ ಹತ್ತಿರ ಬಂದಳು. ನೀವು ಇಂಚ್‌ಳ ಅಮ್ಮ ಅಲ್ಲವೇ ಎಂದಳು. ಆ ಗೋಲಿನ ದಿನವೇ ತನ್ನ ಆಟ ಮುಗಿಯಿತು, ಆಪರೇಷನ್ ಆಯಿತು ಎಂದಳು. ಆಮೇಲೆ ಅಂದಳು, ನಿಮ್ಮ ಮಗಳು ನನಗೆ ಪತ್ರ ಬರೆದಿದ್ದಳು. ನಾನೇ ಬಾಯಿಬಿಟ್ಟೆ, ತಪ್ಪಾಯಿತು, ಕ್ಷಮಿಸು ಎಂದು. ಆ ಪತ್ರಕ್ಕೆ ನಾನು ಉತ್ತರ ಬರೆಯಲಿಲ್ಲ, ಎಂದಳು ಮೆಗನ್.

ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತು ಅನ್ನುತ್ತಾರೆ. ಇಲ್ಲಿ ನಾನು ಒರೆಸಿಯೂ ಇರಲಿಲ್ಲ. ಮೇಕೆಯೇ ಬಂದು ತಾನಾಗಿ ಒರೆಸಿಕೊಂಡಿತ್ತು. ಒಂದು ವರ್ಷ ನನ್ನನ್ನು ಆಚೆ ಗೋಲಿನಿಂದ ಶಿಕ್ಷಿಸುತ್ತಾ, ಈ ಕಡೆ ನನ್ನ ತಪ್ಪಿಗೆ ಮರೆಯಾಗಿ ನಿಂತಿದ್ದಳು ನನ್ನ ಮಗಳು.

"ಅವಳಲ್ಲ" ಅಂದೆ. "ನಾನು. ಅವಳು ನನಗೂ ಹೇಳಿರಲಿಲ್ಲ. ವಾರ್ಮ್‌ಅಪ್‌ನಲ್ಲಿ ನಿನ್ನ ಎಡಕ್ಕೆ ಅವಳು ಒಂದೂ ಚೆಂಡು ಎಸೆಯುತ್ತಿರಲಿಲ್ಲ. ನಾನಿಲ್ಲಿ ನಿಂತು ಎಣಿಸಿದೆ. ಅವಳು ನಿನ್ನನ್ನು ಕಾಯುತ್ತಿದ್ದದ್ದರಿಂದಲೇ ನನಗೆ ಗೊತ್ತಾಗಿದ್ದು. ಯಾರಿಗೂ ಹೇಳಬೇಡ ಎಂದು ಬೇಡಿಕೊಂಡಿದ್ದಳು."

ಅಷ್ಟನ್ನೂ ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದೆ. ಬೈಯುತ್ತಾಳೆ ಎಂದು ನಿಂತೆ, ಬೈದಿದ್ದರೆ ಚೆನ್ನಾಗಿತ್ತು. ಮೆಗನ್ ಜೇಬಿನಿಂದ ಫೋನ್ ತೆಗೆದು, ಬಲಗೈಯಲ್ಲೇ ಹುಡುಕಿ, ಕಿವಿಗಿಟ್ಟಳು. ಮೂರನೇ ರಿಂಗಿಗೆ ಆ ಕಡೆಯಿಂದ ದನಿ ಬಂತು. "ಮೆಗ್?" ಎಂದಳು ನನ್ನ ಮಗಳು. ಒಂದು ವರ್ಷದಿಂದ ನಾನು ಕೇಳದ ದನಿ ಅದು, ಟೆನಿಸ್ ಕೋರ್ಟಿನ ಪಕ್ಕದ ದನಿ. ಬೇಲಿಯ ತಂತಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕಿವಿಗೊಟ್ಟೆ.

ಮೆಗನ್ ಅದನ್ನು ನೋಡಿದಳು. ಚೆಂಡಿನ ಚೀಲವನ್ನು ಬಲ ಹೆಗಲಿಗೇರಿಸಿಕೊಂಡು, ಪುಟ್ಟ ಹುಡುಗಿಯರನ್ನು ಹಿಂದೆ ಕರೆದುಕೊಂಡು, ಫೋನಿನಲ್ಲಿ ಮಾತಾಡುತ್ತಾ ಆಚೆ ತುದಿಯ ಗೋಲಿನ ಕಡೆ ನಡೆದಳು. ಅಷ್ಟು ದೂರದಿಂದ ಏನೂ ಕೇಳಿಸುವುದಿಲ್ಲ. ಅದು ನನಗೆ ಚೆನ್ನಾಗಿ ಗೊತ್ತು.